ಗುಡುಗಿಗೆ ಪ್ಲಗ್ ಕಿತ್ತ ಮಧ್ಯಾಹ್ನ

ಯಂತ್ರದೊಳಗಿನ ಫರ್ಮ್‌ವೇರ್ ಎಂಬ ಸಾಫ್ಟ್‌ವೇರ್ ಬದಲಾಯಿಸುವ ಕೆಲಸಕ್ಕೆ ಪುಕ್ಕಲರೇ ಲಾಯಕ್ಕು ಎಂದು ನಾನು ನಂಬಿದ್ದೇನೆ. ಧೈರ್ಯವಂತರು ಬ್ಯಾಕಪ್ ತೆಗೆಯುವುದಿಲ್ಲ, ಕೆಟ್ಟರೆ ಏನು ಮಾಡುವುದೆಂದು ಯೋಚಿಸುವುದಿಲ್ಲ. ನನಗೆ ಅಷ್ಟು ಎದೆಗಾರಿಕೆ ಇಲ್ಲ. ಕೊಡಗಿನ ಅಂಚಿನ ಶಿರಂಗಾಲದ ಕಡೆಯ ಬಯಲಿನಲ್ಲಿ, ಹಾರಂಗಿ ನಾಲೆಯ ಪಕ್ಕ ಬೆಳೆದವನು. ನಾಲ್ಕು ಮಾರು ಆಚೆ ಏನಿದೆಯೆಂದು ಕಾಣದ ಕಾಫಿ ತೋಟದೊಳಗೆ ಕಾಲಿಟ್ಟರೆ ಇವತ್ತಿಗೂ ಬೆನ್ನು ಬೆವರುತ್ತದೆ. ಆದರೆ ನನ್ನ ಅನ್ನ ಇರುವುದು ಅಂಥ ಜಾಗಗಳಲ್ಲೇ. ಎಸ್ಟೇಟುಗಳಲ್ಲಿ ವೈರ್‌ಲೆಸ್ ಪೆಟ್ಟಿಗೆಗಳನ್ನು ಕೂರಿಸಿ, ಅವು ಸರಿಯಾಗಿ ಓಡುವಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಬಿಟ್ಟಂಗಾಲದ ಹತ್ತಿರದ ಒಂದು ಎಸ್ಟೇಟಿನಲ್ಲಿ ನಾನು ಹಾಕಿಕೊಟ್ಟಿದ್ದ ಏರ್ಪಾಡು ತೀರ ಸರಳ. ಆಫೀಸಿನ ಗೋಡೆಯಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಛಾವಣಿಯ ಮೇಲೆ ಅದರ ಆಂಟೆನಾ. ಇಳಿಜಾರಿನ ಕೆಳಗೆ ತೋಡು, ಅಂದರೆ ಸಣ್ಣ ಹೊಳೆ. ಅದರ ಆಚೆ ದಡದಲ್ಲಿ ಎಸ್ಟೇಟಿನ ಕೆಳಗಿನ ಬ್ಲಾಕು. ಅಲ್ಲಿ ಒಂದು ಕಬ್ಬಿಣದ ಕಂಬ ನೆಟ್ಟು ಸೋಲಾರ್ ಪ್ಯಾನೆಲ್, ಬ್ಯಾಟರಿ, ಒಂದು ಧ್ವನಿವರ್ಧಕ ಕೂರಿಸಿದ್ದೆವು. ಹಾಜರಿ ಮತ್ತು ಸ್ಟಾಕು ನೋಡಿಕೊಳ್ಳುವ ಎಸ್ಟೇಟ್ ರೈಟರ್ ಆಫೀಸಿನಲ್ಲಿ ಕುಳಿತು, ಪೆಟ್ಟಿಗೆಯ ವೈ-ಫೈಗೆ ಸೇರಿಸಿದ ತಮ್ಮ ಮೊಬೈಲಿನಲ್ಲಿ ಮಾತಾಡಿದರೆ, ಪೆಟ್ಟಿಗೆ ಆ ಮಾತನ್ನು ಗಾಳಿಯಲ್ಲಿ ದಾಟಿಸಿ ಕಂಬದಿಂದ ಕೂಗಿಸುತ್ತಿತ್ತು. ಕೂಗುವುದೆಲ್ಲ ಒಂದೇ ವಿಷಯ: ಆನೆ ಎಲ್ಲಿದೆ, ಯಾವ ದಾರಿಯಲ್ಲಿ ಬರಬಾರದು. ಆ ತಗ್ಗಿನಲ್ಲಿ ಯಾರ ಮೊಬೈಲಿಗೂ ಸಿಗ್ನಲ್ ಸಿಗುವುದಿಲ್ಲ. ಕೆಲಸದವರಿಗೆ ಸುದ್ದಿ ಮುಟ್ಟಿಸಲು ಇದ್ದದ್ದು ಆ ಕಂಬ ಒಂದೇ.

ಕೆಲವು ವಾರಗಳಿಂದ ಈ ಸಂಪರ್ಕ ಆಗಾಗ ಕಡಿದುಹೋಗುತ್ತಿತ್ತು. ಪೆಟ್ಟಿಗೆಯ ರೇಡಿಯೊ ಚಿಪ್ಪಿನ ಫರ್ಮ್‌ವೇರ್ ನಡುನಡುವೆ ಕುಸಿಯುತ್ತಿದೆ ಎಂದು ಪೆಟ್ಟಿಗೆಯನ್ನು ನಡೆಸುವ ಮೂಲ ಸಾಫ್ಟ್‌ವೇರಾದ ಲಿನಕ್ಸ್ ಬರೆದಿಟ್ಟಿತ್ತು. ಅದನ್ನು ಸರಿಪಡಿಸಿದ ಹೊಸ ಆವೃತ್ತಿ ಬಂದಿತ್ತು. ಮುಂಗಾರು ಹಿಡಿಯುವ ಮೊದಲೇ ಹಾಕಿಬಿಡೋಣವೆಂದು, ಮೆಣಸು ಕೊಯ್ಲು ಮುಗಿಯುತ್ತಾ ಬಂದಿದ್ದ ದಿನಗಳಲ್ಲಿ ಬೈಕ್ ಹತ್ತಿ ಹೋದೆ.

ಇಲ್ಲಿ ಎರಡು ಮಾತು ಬಿಡಿಸಿ ಹೇಳದಿದ್ದರೆ ನನ್ನ ಹೆದರಿಕೆ ಯಾರಿಗೂ ಅರ್ಥವಾಗದು. ಅಂಥ ಪೆಟ್ಟಿಗೆಯೊಳಗೆ ಉಗುರಿನಷ್ಟು ದೊಡ್ಡ ಫ್ಲ್ಯಾಶ್ ಚಿಪ್ ಇರುತ್ತದೆ. ಕರೆಂಟು ಹೋದರೂ ಅದರಲ್ಲಿ ಬರೆದದ್ದು ಅಳಿಯುವುದಿಲ್ಲ. ಅದರ ಮೊದಲ ಭಾಗದಲ್ಲಿ ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಂ. ಕರೆಂಟು ಬಂದ ಕೂಡಲೇ ಮೊದಲು ಎದ್ದು ಉಳಿದವರನ್ನು ಎಬ್ಬಿಸುವುದು ಅದರ ಕೆಲಸ. ನಡುವಿನ ದೊಡ್ಡ ಜಾಗದಲ್ಲಿ ಲಿನಕ್ಸ್ ಮತ್ತು ಅದರ ಸಂಸಾರ. ಕೊನೆಯ ತುದಿಯಲ್ಲಿ, ಆ ಒಂದು ಪೆಟ್ಟಿಗೆಯ ರೇಡಿಯೊಗೆಂದೇ ಕಾರ್ಖಾನೆಯಲ್ಲಿ ಅಳೆದು ಬರೆದ ಅಂಕಿಗಳು. ಅವು ಅಳಿದರೆ ಬೇರೆಲ್ಲೂ ಸಿಗುವುದಿಲ್ಲ. ರೇಡಿಯೊ ಚಿಪ್ಪಿನದು ಮತ್ತೊಂದು ಕಥೆ. ಅದಕ್ಕೆ ತನ್ನದೇ ಸಣ್ಣ ಮಿದುಳಿದೆ, ನೆನಪಿನ ಶಕ್ತಿ ಮಾತ್ರ ಇಲ್ಲ. ಪ್ರತಿ ಸಲ ಏನೂ ತಿಳಿಯದ ಕೂಸಿನ ಹಾಗೆ ಎದ್ದೇಳುತ್ತದೆ, ಲಿನಕ್ಸ್ ಒಂದು ಫೈಲನ್ನು ಅದರ ಕೈಗೆ ಒಪ್ಪಿಸಿದ ಮೇಲೆಯೇ ಕೆಲಸ ಶುರು ಮಾಡುತ್ತದೆ. ಆ ಫೈಲೇ ಅದರ ಫರ್ಮ್‌ವೇರ್. ಲಿನಕ್ಸನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಈ ಫೈಲನ್ನು ಮಾತ್ರ ಚಿಪ್ ಮಾಡಿದವರು ಮುಚ್ಚಿಯೇ ಕೊಡುತ್ತಾರೆ. ಹಂಚಿಕೊಳ್ಳಬಹುದು, ಒಳಗೇನಿದೆಯೆಂದು ನೋಡುವ ಹಾಗಿಲ್ಲ.

ಇಂಥ ಮುಚ್ಚಿದ ಫೈಲುಗಳನ್ನು ಕಂಡರೆ ನನಗಾಗದು. ಗಿರಾಕಿಗಳ ಪೆಟ್ಟಿಗೆಗೆ ವಿಧಿಯಿಲ್ಲದೆ ಹಾಕುತ್ತಿದ್ದೆ, ನನ್ನ ಲ್ಯಾಪ್‌ಟಾಪಿನಲ್ಲಿ ಒಂದನ್ನೂ ಇಟ್ಟುಕೊಂಡಿರಲಿಲ್ಲ. ಅದರೊಳಗಿನ ವೈ-ಫೈ ಕಾರ್ಡಿಗೆ ಮುಚ್ಚಿದ ಫೈಲು ಬೇಕೆಂಬ ಕಾರಣಕ್ಕೆ ಅದನ್ನು ಹಾಗೇ ಬಿಟ್ಟು, ಫರ್ಮ್‌ವೇರ್ ಕೂಡ ತೆರೆದೇ ಇರುವ ಹಳೆಯ ಯುಎಸ್‌ಬಿ ಕಡ್ಡಿಯೊಂದನ್ನು ಚುಚ್ಚಿಕೊಂಡು ಓಡಾಡುತ್ತಿದ್ದೆ. ಪೆಟ್ಟಿಗೆ ಕೆಟ್ಟರೆ ಎಬ್ಬಿಸಲೆಂದು ಮಾಡಿಟ್ಟುಕೊಂಡಿದ್ದ ತುರ್ತು ಲಿನಕ್ಸಿನಲ್ಲೂ ಅಂಥ ಫೈಲುಗಳನ್ನು ಸೇರಿಸಿರಲಿಲ್ಲ. ಗೆಳೆಯರು ಇದನ್ನು ನನ್ನ ಮಡಿ ಎಂದು ಗೇಲಿ ಮಾಡುತ್ತಿದ್ದರು. ನಾನೂ ಒಳಗೊಳಗೇ ಹೆಮ್ಮೆಪಡುತ್ತಿದ್ದೆ.

ಊಟವಾದ ಮೇಲೆ ಕೆಲಸ ಶುರು ಮಾಡಿದೆ. ಹಳೆಯ ಸೆಟ್ಟಿಂಗುಗಳ ಪ್ರತಿಯನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಹೊಸ ಆವೃತ್ತಿಯನ್ನು ಪೆಟ್ಟಿಗೆಯೇ ನೇರವಾಗಿ ಇಂಟರ್ನೆಟ್ಟಿನಿಂದ ಎಳೆದುಕೊಂಡಿತು. ಫೈಲು ಸರಿಯಾಗಿದೆಯೆಂದು ತಾಳೆ ನೋಡಿ, ಫ್ಲ್ಯಾಶ್‌ಗೆ ಬರೆಯುವ ಆಜ್ಞೆ ಕೊಟ್ಟೆ. ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವ ಆ ಸ್ವಲ್ಪ ಹೊತ್ತು ಕರೆಂಟು ಹೋಗಕೂಡದು. ಅದಕ್ಕೆಂದೇ ಪೆಟ್ಟಿಗೆಯನ್ನು ಯುಪಿಎಸ್‌ಗೆ ಸಿಕ್ಕಿಸಿದ್ದೆ.

"ರೈಟ್ರೇ, ಹೊರಗೆ ಆಂಟೆನಾ ನಟ್ಟು ಒಂದ್ಸಲ ನೋಡ್ಕೊಂಡು ಬತ್ತೀನಿ. ಲ್ಯಾಪ್‌ಟಾಪ್ ಮುಟ್‌ಬೇಡಿ, ಆಯ್ತಾ?" ಎಂದೆ.

"ಇಲ್ಲ ಮಾರಾಯ್ರೆ, ನಾನೆಂತಕ್ಕೆ ಮುಟ್ಟುದು," ಎಂದರು ರೈಟರ್.

ಏಣಿಯ ಮೂರನೆಯ ಮೆಟ್ಟಿಲಲ್ಲಿದ್ದಾಗ ಗುಡುಗಿತು. ದೂರದ್ದು, ಬೆಟ್ಟದ ಆಚೆಯದು. ಕಾಫಿ ಹೂ ಅರಳಿಸುವ ಹೂಮಳೆಯ ಕಾಲದಲ್ಲಿ ಮಧ್ಯಾಹ್ನದ ಮೇಲೆ ಗುಡುಗುವುದು ಹೊಸದೇನಲ್ಲ. ಆದರೆ ಕೊಡಗಿನಲ್ಲಿ ಗುಡುಗು ಕೇಳಿದರೆ ಮನುಷ್ಯರ ಕೈ ತಾನಾಗಿಯೇ ಎದ್ದೇಳುತ್ತದೆ. ಮೊದಲು ಮೈನ್ ಸ್ವಿಚ್ ಆರಿಸುವುದು, ಆಮೇಲೆ ಟಿವಿ, ಫ್ರಿಜ್ಜು, ಇಂಟರ್ನೆಟ್ಟು ಎಲ್ಲದರ ಪ್ಲಗ್ ಕೀಳುವುದು, ತಂತಿಗಳನ್ನು ಗೋಡೆಯಿಂದ ದೂರ ಎಳೆದಿಡುವುದು. ಮಾತಾಡುತ್ತಿದ್ದವರು ಮಾತು ನಿಲ್ಲಿಸುವುದಿಲ್ಲ, ಕೈ ಮಾತ್ರ ಇದೆಲ್ಲ ಮಾಡಿ ಮುಗಿಸಿರುತ್ತದೆ. ನನಗೆ ಅದು ಹೊಳೆದದ್ದು ಏಣಿ ಇಳಿದು ಬಾಗಿಲಿಗೆ ಬಂದ ಮೇಲೆ.

ಒಳಗೆ ಮಬ್ಬುಗತ್ತಲೆ. ಪೆಟ್ಟಿಗೆಯಲ್ಲಿ ಒಂದು ದೀಪವೂ ಇರಲಿಲ್ಲ. ಯುಪಿಎಸ್‌ನ ಹಿಂದಿನಿಂದ ಕಿತ್ತ ಪ್ಲಗ್ಗುಗಳು ಮೇಜಿನ ಮೇಲೆ ಸಾಲಾಗಿ ಮಲಗಿದ್ದವು. ಆಂಟೆನಾ ಕೇಬಲ್ಲನ್ನೂ ಬಿಚ್ಚಿ ಕಿಟಕಿಗೆ ಸಿಕ್ಕಿಸಲಾಗಿತ್ತು.

"ಗುಡುಗಿತಲ್ಲಾ, ಎಲ್ಲಾ ಕಿತ್ತಿಟ್ಟೆ," ಎಂದರು ರೈಟರ್ ಸಮಾಧಾನದಿಂದ. "ಹೋದ ವರ್ಷ ಈ ಗೋಡೆಗೇ ಸಿಡಿಲು ಬಡ್ದು ಮೀಟ್ರು ಬೋರ್ಡು ಸುಟ್ಟು ಹೋಗಿದೆ. ನಿಮ್ಮ ಲ್ಯಾಪ್‌ಟಾಪ್ ಮುಟ್ಲಿಲ್ಲ, ನೋಡಿ."

ನಿಜ, ಮುಟ್ಟಿರಲಿಲ್ಲ. ಅದರ ಪರದೆಯ ಮೇಲೆ "ಬರೆಯಲಾಗುತ್ತಿದೆ" ಎಂಬ ಅರ್ಥದ ಸಾಲೊಂದು ಹಾಗೇ ನಿಂತಿತ್ತು. ಅರ್ಧ ಅಳಿಸಿ ಅರ್ಧ ಬರೆದ ಫ್ಲ್ಯಾಶ್ ಎಂದರೆ, ಪೆಟ್ಟಿಗೆಯೊಳಗೆ ಹಳೆಯದೂ ಇಲ್ಲ, ಹೊಸದೂ ಇಲ್ಲ.

ಮೈನ್ ಹಾಕಿ ಎಂದು ಕೇಳಿದೆ. ಅವರು ಒಪ್ಪಲಿಲ್ಲ, ಗುಡುಗು ನಿಲ್ಲಲಿ ಎಂದರು. ನನಗೂ ಆ ಮೈನನ್ನು ನಂಬುವ ಧೈರ್ಯ ಉಳಿದಿರಲಿಲ್ಲ. ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಪಂಪು ಮೂಲೆಯಲ್ಲಿತ್ತು. ಅದರ ಬ್ಯಾಟರಿ ಹನ್ನೆರಡು ವೋಲ್ಟಿನದು, ಪೆಟ್ಟಿಗೆಗೆ ಬೇಕಾದದ್ದೂ ಅಷ್ಟೇ. ಬ್ಯಾಟರಿ ಬಿಚ್ಚಿ, ಅಡಾಪ್ಟರಿನ ತಂತಿ ಕತ್ತರಿಸಿ ಸುತ್ತಿದೆ. ಪೆಟ್ಟಿಗೆಯ ದೀಪ ಒಮ್ಮೆ ಹೊತ್ತಿತು, ಪಟಪಟ ಮಿಟುಕಿತು, ಆರಿತು. ಮತ್ತೆ ಹೊತ್ತಿತು, ಮತ್ತೆ ಆರಿತು. ಎದ್ದೇಳಲು ಹೋಗಿ ಬೀಳುತ್ತಿತ್ತು.

ಅಲ್ಲಿಯವರೆಗೆ ಇದು ನನ್ನ ಮಾನ ಮರ್ಯಾದೆಯ ಪ್ರಶ್ನೆ ಮಾತ್ರ ಆಗಿತ್ತು. ಅಷ್ಟರಲ್ಲಿ ಎಸ್ಟೇಟಿನ ಆನೆ ಕಾವಲುಗಾರ ಓಡುತ್ತ ಬಂದ. ಬಾಗಿಲು ಹಿಡಿದು ನಿಂತ.

"ರೈಟ್ರೇ, ಒಂಟಿ ಸಲಗ ಬಂದಿದೆ. ತೋಡಿನ ಹತ್ರ ಹಲಸಿನ ಮರ ಉಂಟಲ್ಲಾ, ಅದ್ರ ಬುಡದಲ್ಲಿ ನಿಂತಿದೆ. ದಾರಿ ಮೇಲೇ ಉಂಟು. ಬೇಗ ಕೂಗಿ ಹೇಳಿ."

ರೈಟರ್ ಮೊಬೈಲ್ ತೆಗೆದರು. ಕಂಬ ಸಿಗಲಿಲ್ಲ. ಮತ್ತೆ ಒತ್ತಿದರು. ಆಮೇಲೆ ನನ್ನ ಮುಖ ನೋಡಿದರು.

"ಪೆಟ್ಟಿಗೆ ಎದ್ದಿಲ್ಲ," ಎಂದೆ.

"ಎಷ್ಟೊತ್ತಿಗೆ ಏಳ್ತದೆ?"

ನನಗೆ ಗೊತ್ತಿರಲಿಲ್ಲ, ಹಾಗೆಂದು ಹೇಳಿದೆ. ಕೆಳಗಿನ ಬ್ಲಾಕಿನಲ್ಲಿ ಹತ್ತು ಹನ್ನೆರಡು ಮಂದಿ ಮೆಣಸು ಕೊಯ್ಯುತ್ತಿದ್ದರು. ಅವರ ಮೇಸ್ತ್ರಿ ರೈಟರ ಹೆಂಡತಿ. ಕೆಲಸ ಬಿಟ್ಟು ಬರುವಾಗ ಎಲ್ಲರೂ ತೋಡು ದಾಟಿ, ಬಿದಿರು ಮೆಳೆಯ ನಡುವಿನ ಕಾಲುದಾರಿಯಲ್ಲೇ ಹತ್ತಿ ಬರುತ್ತಾರೆ. ಹಲಸಿನ ಮರ ಇರುವುದು ಆ ಮೆಳೆಯ ಬಾಯಲ್ಲಿ. ಬೇರೆ ದಾರಿ ಇಲ್ಲದಿಲ್ಲ: ಬ್ಲಾಕಿನ ಮೇಲ್ತುದಿಯಲ್ಲಿ, ಆನೆ ತಡೆಯಲು ಕರೆಂಟು ಹರಿಸುವ ಸೋಲಾರ್ ಬೇಲಿಗೆ ಒಂದು ಗೇಟಿದೆ, ಅದರ ಕೀ ಮೇಸ್ತ್ರಿ ಅಕ್ಕನ ಬಳಿಯೇ ಇರುತ್ತದೆ, ಅಲ್ಲಿಂದ ಡಾಂಬರು ರಸ್ತೆ ಹಿಡಿದು ಸುತ್ತಿ ಬರಬಹುದು. ಹಾಗೆ ಬನ್ನಿ ಎಂದು ಹೇಳುವವರು ಬೇಕು.

"ನಾನು ಓಡಿ ಹೋಗಿ ಹೇಳ್ತೇನೆ," ಎಂದು ರೈಟರ್ ಹೊರಟೇಬಿಟ್ಟರು. ಕಾವಲುಗಾರ ಅವರ ತೋಳು ಹಿಡಿದ.

"ಎಲ್ಲಿಂದ ಹೋಗ್ತೀರಿ? ಇಳಿಯುದು ಅದೇ ದಾರಿ. ಅದಕ್ಕೇ ಸಿಕ್ತೀರಿ."

"ಪಟಾಕಿ ಹೊಡಿ."

"ಈ ಕಡೆಯಿಂದ ಹೊಡೆದ್ರೆ ತೋಡು ದಾಟಿ ಅವ್ರ ಕಡೆಗೇ ನುಗ್ತದೆ. ಬೇಡ ಸಾರ್. ಈಗ ಅದ್ರ ಪಾಡಿಗೆ ಹಣ್ಣು ತಿಂತಾ ಉಂಟು. ಅವ್ರು ಇಳೀದಿದ್ರೆ ಸಾಕು."

ರಸ್ತೆಯಲ್ಲಿ ಸುತ್ತಿಹೋಗಲು ನನ್ನ ಬೈಕಿತ್ತು, ಆದರೆ ಗೇಟು ಒಳಗಿನಿಂದ ಬೀಗ ಹಾಕಿದ್ದು, ಕರೆಂಟಿನ ಬೇಲಿ ಹಾರುವಂತಿಲ್ಲ. ಅಲ್ಲಿ ನಿಂತು ಕೂಗಿದರೆ ಬ್ಲಾಕಿನ ಕೆಳತುದಿಯಲ್ಲಿರುವವರಿಗೆ ಕೇಳುವುದಿಲ್ಲ. ಕಾವಲುಗಾರ ಕೀ ಇಲ್ಲದಿದ್ದರೂ ಪ್ರಯತ್ನ ಮಾಡುತ್ತೇನೆಂದು ನನ್ನ ಬೈಕ್ ತೆಗೆದುಕೊಂಡು ಹೋದ. ಕೆಲಸ ಬಿಡುವ ಹೊತ್ತಿಗೆ ಇನ್ನೂ ಸಮಯವಿತ್ತು. ಆದರೆ ಮಳೆ ಬಂದರೆ ಯಾರೂ ಹೊತ್ತು ನೋಡುವುದಿಲ್ಲ. ಒದ್ದೆ ಏಣಿಯ ಮೇಲೆ ನಿಲ್ಲಲಾಗದು, ಕೊಯ್ದ ಮೆಣಸು ನೆನೆಯಬಾರದು. ಮೊದಲ ಹನಿಗೆ ಚೀಲ ಹೊತ್ತು ಇಳಿದುಬಿಡುತ್ತಾರೆ. ಬಾಗಿಲಿನಿಂದ ನೋಡಿದರೆ ಬೆಟ್ಟದ ತಲೆಯ ಮೇಲೆ ಮೋಡ ಕಪ್ಪಾಗಿ ಕೂತಿತ್ತು.

ನನಗೆ ಕೈಕಾಲು ಆಡಲಿಲ್ಲ. ಆದರೂ ಸ್ಕ್ರೂಡ್ರೈವರ್ ತೆಗೆದು ಪೆಟ್ಟಿಗೆಯ ಹೊದಿಕೆ ಬಿಚ್ಚಿದೆ. ಒಳಗಿನ ಬೋರ್ಡಿನಲ್ಲಿ ಸಾಲಾಗಿ ಸಣ್ಣ ಪಿನ್ನುಗಳಿರುತ್ತವೆ. ಅಲ್ಲಿಗೆ ಮೂರು ತಂತಿ ಸಿಕ್ಕಿಸಿ ಲ್ಯಾಪ್‌ಟಾಪಿಗೆ ಜೋಡಿಸಿದರೆ ಬೂಟ್‌ಲೋಡರ್ ಆಡುವ ಮಾತು ಪರದೆಯ ಮೇಲೆ ಅಕ್ಷರಗಳಾಗಿ ಬರುತ್ತದೆ. ಬರಬೇಕು. ಮೊದಲ ಸಲ ಬಂದದ್ದು ಬರೀ ಕಸ, ಅರ್ಥವಿಲ್ಲದ ಚಿಹ್ನೆಗಳು. ಬೂಟ್‌ಲೋಡರೇ ಅಳಿದುಹೋಗಿದ್ದರೆ ಇಲ್ಲಿ ಕುಳಿತು ಮಾಡುವಂಥದ್ದೇನೂ ಇಲ್ಲ, ಫ್ಲ್ಯಾಶ್ ಚಿಪ್ಪಿಗೇ ಕ್ಲಿಪ್ ಕಚ್ಚಿಸಿ ಹೊರಗಿನಿಂದ ಬರೆಯಬೇಕು, ಆ ಸಾಮಾನು ಮನೆಯಲ್ಲಿತ್ತು. ತಂತಿಗಳನ್ನು ಮತ್ತೆ ನೋಡಿದೆ. ಅವಸರದಲ್ಲಿ ಅರ್ತ್ ತಂತಿಯನ್ನು ಪಕ್ಕದ ಪಿನ್ನಿಗೆ ಸಿಕ್ಕಿಸಿದ್ದೆ. ಸರಿಮಾಡಿದ ಮೇಲೆ ಸ್ವಚ್ಛವಾದ ಸಾಲುಗಳು ಬಂದವು. ಬೂಟ್‌ಲೋಡರ್ ಬದುಕಿತ್ತು. ಲಿನಕ್ಸಿಗಾಗಿ ಫ್ಲ್ಯಾಶ್‌ನ ನಡುವೆ ಹುಡುಕಿ, ಲೆಕ್ಕ ತಪ್ಪಿದೆ ಎಂದು ಹೇಳಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಿತ್ತು.

"ಎದ್ದಿತಾ?" ಎಂದರು ರೈಟರ್.

"ಇಲ್ಲ. ಆದ್ರೆ ಉಸ್ರಾಡ್ತಿದೆ."

ಒಂದು ಕೀಲಿ ಒತ್ತಿ ಅದನ್ನು ನಡುದಾರಿಯಲ್ಲಿ ನಿಲ್ಲಿಸಿದೆ. ಬೂಟ್‌ಲೋಡರಿಗೆ ಫ್ಲ್ಯಾಶ್‌ನಿಂದಲೇ ಲಿನಕ್ಸ್ ತೆಗೆದುಕೊಳ್ಳಬೇಕೆಂಬ ಹಟವಿಲ್ಲ. ಕೇಬಲ್ ಮೂಲಕ ಪಕ್ಕದ ಯಂತ್ರ ಕೊಟ್ಟರೆ ಅದನ್ನು ತಾತ್ಕಾಲಿಕ ಮೆಮೊರಿಗೆ ಇಳಿಸಿಕೊಂಡು ಓಡಿಸಬಲ್ಲದು. ನನ್ನ ತುರ್ತು ಲಿನಕ್ಸನ್ನು ಕೊಡಲು ಲ್ಯಾಪ್‌ಟಾಪನ್ನು ಸಿದ್ಧ ಮಾಡಿ ಆಜ್ಞೆ ಹೊಡೆದೆ. ಪರದೆಯ ಮೇಲೆ ಒಂದು T ಬಂತು. ಇನ್ನೊಂದು T. ಕೇಳಿದ ಫೈಲು ಬರುತ್ತಿಲ್ಲ ಎಂಬುದರ ಗುರುತು ಅದು. T, T, T. ಇನ್ನೊಮ್ಮೆ ಗುಡುಗಿತು, ಈ ಸಲ ಹತ್ತಿರ. ಕೇಬಲ್ ನೋಡಿದೆ, ವಿಳಾಸ ನೋಡಿದೆ, ಎಲ್ಲ ಸರಿಯಿತ್ತು. ಕೊನೆಗೆ ನೆನಪಾಯಿತು: ನನ್ನ ಲ್ಯಾಪ್‌ಟಾಪಿನ ಫೈರ್‌ವಾಲ್. ಅಪರಿಚಿತರು ಬಾಗಿಲು ತಟ್ಟಿದರೆ ತೆರೆಯಬೇಡ ಎಂದು ನಾನೇ ಹೇಳಿಟ್ಟಿದ್ದೆ. ಅದನ್ನು ಆರಿಸಿದ ಕೂಡಲೇ T ನಿಂತು ಸಾಲು ಸಾಲು ಗೀಟುಗಳು ಓಡತೊಡಗಿದವು.

ಲಿನಕ್ಸ್ ಎದ್ದಿತು. ನನಗೆ ಅಳು ಬರುವಷ್ಟು ಖುಷಿಯಾಯಿತು. ಆ ಖುಷಿ ಉಳಿದದ್ದು ಒಂದು ಸಾಲು ಓದುವವರೆಗೆ ಮಾತ್ರ. ರೇಡಿಯೊ ಚಿಪ್ ಸಿಕ್ಕಿತು, ಅದರ ಫರ್ಮ್‌ವೇರ್ ಫೈಲು ಸಿಗಲಿಲ್ಲ, ಆದ್ದರಿಂದ ಅದನ್ನು ಎಬ್ಬಿಸುತ್ತಿಲ್ಲ ಎಂದು ಲಿನಕ್ಸ್ ಬರೆಯಿತು. ಪೆಟ್ಟಿಗೆಗೆ ಜೀವ ಬಂದಿತ್ತು, ಬಾಯಿ ಬಂದಿರಲಿಲ್ಲ.

ಆ ಫೈಲನ್ನು ಸೇರಿಸದೆ ತುರ್ತು ಲಿನಕ್ಸ್ ಕಟ್ಟಿದವನು ನಾನೇ. ಹಳೆಯ ಪ್ರತಿ ಫ್ಲ್ಯಾಶ್‌ನಲ್ಲಿ ಅರ್ಧ ಅಳಿದುಹೋಗಿತ್ತು. ಹೊಸ ಆವೃತ್ತಿಯ ಪ್ರತಿ ನನ್ನ ಬಳಿ ಇರಲಿಲ್ಲ, ಪೆಟ್ಟಿಗೆಯೇ ನೇರವಾಗಿ ಇಳಿಸಿಕೊಂಡಿತ್ತಲ್ಲ. ಮೊಬೈಲಿನಲ್ಲಿ ಇಳಿಸೋಣವೆಂದು ಅಂಗಳದ ಮೂಲೆಗೆ ಓಡಿದೆ. ಅಲ್ಲಿ ಒಂದು ಕಡ್ಡಿ ಸಿಗ್ನಲ್ ಸಿಗುತ್ತದೆ, ಮಾತಾಡಲು ಸಾಕು, ಫೈಲು ಇಳಿಯಲು ಸಾಲದು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಎಸ್ಟೇಟಿನ ಇಂಟರ್ನೆಟ್ ಕೇಬಲ್ ಮರದಿಂದ ಮರಕ್ಕೆ ಕಟ್ಟಿಕೊಂಡು ಬಂದದ್ದು. ಅಂಗಳದ ಅಂಚಿನಲ್ಲಿ ಆಗತಾನೇ ಗಾಳಿಗೆ ಮುರಿದ ಸಿಲ್ವರ್ ಓಕ್ ಮರದ ಕೊಂಬೆಯೊಂದು ಅದನ್ನು ಎಳೆದುಕೊಂಡು ನೆಲಕ್ಕೆ ಬಿದ್ದಿತ್ತು. ಅದನ್ನು ನೋಡುತ್ತ ನಿಂತಾಗ ನನಗೆ ನಿಜವಾಗಿಯೂ ಭಯವಾಯಿತು. ಅಲ್ಲಿಯವರೆಗಿನದು ಗಾಬರಿ. ಇದು ಬೇರೆ. ಮೇಸ್ತ್ರಿ ಅಕ್ಕ ಆ ದಿನ ಬೆಳಿಗ್ಗೆ ನನಗೆ ಕಾಫಿ ಕೊಟ್ಟು, ಸಕ್ಕರೆ ಸಾಕಾ ಎಂದು ಕೇಳಿ ಕೆಲಸಕ್ಕೆ ಇಳಿದಿದ್ದರು.

ಒಳಗೆ ಬಂದಾಗ ಕಣ್ಣಿಗೆ ಬಿದ್ದದ್ದು ಆಫೀಸಿನ ಕಂಪ್ಯೂಟರ್. ಅದಕ್ಕೂ ಲಿನಕ್ಸ್ ಹಾಕಿಕೊಟ್ಟವನು ನಾನೇ. ಅದರ ವೈ-ಫೈ ಎದ್ದೇಳದೆ ರೈಟರು ದಿನಾ ಫೋನ್ ಮಾಡಿ ಕಾಡಿದಾಗ, ಒಲ್ಲದ ಮನಸ್ಸಿನಿಂದ ಮುಚ್ಚಿದ ಫರ್ಮ್‌ವೇರುಗಳ ಇಡೀ ಗಂಟನ್ನು ಅದಕ್ಕೆ ಹಾಕಿದ್ದೆ. ಆ ಗಂಟಿನಲ್ಲಿ ಆ ಕಂಪ್ಯೂಟರಿಗೆ ಬೇಕಾದ ಫೈಲು ಮಾತ್ರ ಇರುವುದಿಲ್ಲ. ಒಂದೇ ಮನೆತನದ ಚಿಪ್ಪುಗಳದ್ದೆಲ್ಲ ಇರುತ್ತದೆ. ಪೆಟ್ಟಿಗೆಯ ಚಿಪ್ಪೂ ಅದೇ ಮನೆತನದ್ದು. ನನ್ನ ಮಡಿಯ ಲ್ಯಾಪ್‌ಟಾಪಿನಲ್ಲಿ ಇಲ್ಲದ್ದು ಆ ಧೂಳು ಹಿಡಿದ ಕಂಪ್ಯೂಟರಿನಲ್ಲಿ ಇರಬೇಕಿತ್ತು.

"ರೈಟ್ರೇ, ಕಂಪ್ಯೂಟ್ರು ಆನ್ ಮಾಡ್ಬೇಕು. ಮೈನ್ ಹಾಕ್ಬೇಕು."

"ಯುಪಿಎಸ್‌ನಲ್ಲಿ ಆಗ್ಲಿಕ್ಕಿಲ್ವಾ?"

ನೋಡಿದೆ. ಒಂದು ಬೀಪ್ ಮಾಡಿ ಅದೂ ಮಲಗಿತು. ಬ್ಯಾಟರಿ ಯಾವತ್ತೋ ಸತ್ತಿತ್ತು, ಇಷ್ಟು ದಿನ ನಾವು ಅದನ್ನು ನಂಬಿಕೊಂಡು ಕೂತಿದ್ದೆವು.

ಅಷ್ಟರಲ್ಲಿ ಕಿಟಕಿ ಬೆಳ್ಳಗಾಯಿತು. ಎಣಿಸಲು ಸಮಯ ಕೊಡದೆ ಗುಡುಗು ತಲೆಯ ಮೇಲೆಯೇ ಬಿತ್ತು. ಹೆಂಚುಗಳು ಗಡಗಡ ಎಂದವು. ನಾನು ಮೇಜಿನಿಂದ ಹಿಂದೆ ಹಾರಿದ್ದೆ. ಇನ್ನು ಮುಂದಿನದು ನನಗೆ ಚೆನ್ನಾಗಿ ಗೊತ್ತಿತ್ತು: ಮೈನ್ ಹಾಕಿ, ಆಂಟೆನಾ ಕೇಬಲ್ಲನ್ನು ಕೈಯಿಂದ ಹಿಡಿದು ಪೆಟ್ಟಿಗೆಗೆ ತಿರುಗಿಸಬೇಕು. ಛಾವಣಿಯ ಮೇಲೆ ಆ ಆಂಟೆನಾಕ್ಕಿಂತ ಎತ್ತರದ್ದು ಬೇರೇನೂ ಇರಲಿಲ್ಲ. ನಾನು ಹಾಕಿ ಎಂದು ಮತ್ತೆ ಹೇಳಲಾರದೆ ನಿಂತೆ. ಬೇರೆಯವರ ಮನೆಯ ಸ್ವಿಚ್ಚು, ಬೇರೆಯವರ ಜೀವ.

ಸ್ವಿಚ್ ಹಾಕಿದವರು ರೈಟರೇ. ಗೋಡೆಯ ಕಡೆ ಮುಖ ಮಾಡದೆ, ಕಣ್ಣು ಮುಚ್ಚಿ, ಎಡಗೈಯಿಂದ ಹಾಕಿದರು. ಆಮೇಲೆ ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡು ನಿಂತರು. ಕೈ ಹೊರಗಿದ್ದರೆ ಮುಂದಿನ ಗುಡುಗಿಗೆ ಅದು ಮತ್ತೆ ಸ್ವಿಚ್ಚಿಗೆ ಹೋಗುತ್ತದೆಂಬ ಹೆದರಿಕೆ ಅವರಿಗಿದ್ದಿರಬೇಕು.

ಹಳೆಯ ಕಂಪ್ಯೂಟರ್ ಏಳುವಷ್ಟರಲ್ಲಿ ಒಂದು ಜನ್ಮ ಕಳೆದ ಹಾಗಾಯಿತು. ಫರ್ಮ್‌ವೇರುಗಳ ಫೋಲ್ಡರಿಗೆ ಹೋದೆ. ಪೆಟ್ಟಿಗೆ ಕೇಳಿದ್ದ ಹೆಸರಿನ ಉಪಫೋಲ್ಡರ್ ಅಲ್ಲಿತ್ತು. ಪೆನ್‌ಡ್ರೈವಿಗೆ ಪೂರ್ತಿ ಎತ್ತಿಕೊಂಡು, "ಆಯ್ತು, ಆರ್ಸಿ" ಎಂದು ಕಿರುಚಿದೆ. ಮಾತು ಮುಗಿಯುವ ಮೊದಲೇ ಮೈನ್ ಆರಿತ್ತು.

ಈಗ ಒಂದು ತೀರ್ಮಾನ ಮಾಡಬೇಕಿತ್ತು. ಕೆಲಸ ಕಲಿಸಿದವರೆಲ್ಲ ಹೇಳುವುದು ಒಂದೇ: ಫ್ಲ್ಯಾಶ್ ಕೆಟ್ಟಿದ್ದರೆ ಮೊದಲು ಅದನ್ನು ಸರಿಪಡಿಸು, ಆಮೇಲೆ ಉಳಿದದ್ದು. ಮೆಮೊರಿಯಲ್ಲಿ ಓಡುವ ವ್ಯವಸ್ಥೆ ಗಾಳಿಯಲ್ಲಿ ನಿಂತ ಹಾಗೆ, ಬ್ಯಾಟರಿಯ ತಂತಿ ಒಮ್ಮೆ ಸಡಿಲಾದರೆ ಎಲ್ಲವೂ ಮಾಯ. ಆದರೆ ಬರೆಯಲು ಹೊತ್ತು ಬೇಕು. ಬರೆಯುವಾಗ ಎಲ್ಲಾದರೂ ತಪ್ಪಿದರೆ ತುದಿಯಲ್ಲಿರುವ ಕಾರ್ಖಾನೆಯ ಅಂಕಿಗಳಿಗೂ ಪೆಟ್ಟು. ಫ್ಲ್ಯಾಶನ್ನು ಇವತ್ತು ಮುಟ್ಟುವುದೇ ಇಲ್ಲವೆಂದು ನಿರ್ಧರಿಸಿದೆ. ಫೈಲುಗಳನ್ನು ಕೇಬಲ್ ಮೂಲಕ ಪೆಟ್ಟಿಗೆಯ ಮೆಮೊರಿಗೇ ಸುರಿದು, ರೇಡಿಯೊ ಚಿಪ್ಪಿಗೆ ಫೈಲು ಕೊಟ್ಟು ನಡೆಸುವ ಲಿನಕ್ಸಿನ ತುಣುಕು, ಅಂದರೆ ಡ್ರೈವರನ್ನು, ಒಮ್ಮೆ ಹೊರಗೆ ತೆಗೆದು ಮತ್ತೆ ಹಾಕಿದೆ.

ಮೊದಲ ಸಾಲು: ಆರನೆಯ ಆವೃತ್ತಿಯ ಫೈಲು ಸಿಗಲಿಲ್ಲ, ವಿಫಲ. ಎಲ್ಲ ಮುಗಿಯಿತು ಎಂದುಕೊಂಡೆ. ಹೊಸದರಿಂದ ಹಳೆಯದಕ್ಕೆ ಒಂದೊಂದನ್ನೇ ಕೇಳುತ್ತಾ ಇಳಿಯುವುದು ಆ ಡ್ರೈವರಿನ ಅಭ್ಯಾಸ ಎಂಬುದು ನನಗೆ ಗೊತ್ತಿದ್ದ ವಿಷಯವೇ. ಆ ಗಳಿಗೆಯಲ್ಲಿ ಅದು ತಲೆಯಲ್ಲಿ ಇರಲಿಲ್ಲ. ಎರಡನೆಯ ಸಾಲಿನಲ್ಲಿ ಐದನೆಯ ಆವೃತ್ತಿ ಕೇಳಿತು. ಅದಕ್ಕೆ ವಿಫಲ ಎಂಬ ಮಾತು ಬರಲಿಲ್ಲ. ಫ್ಲ್ಯಾಶ್‌ನ ತುದಿಯಿಂದ ಕಾರ್ಖಾನೆಯ ಅಂಕಿಗಳನ್ನು ಓದಿಕೊಂಡಿತು. ಅವು ಹಾಗೇ ಇದ್ದವು. ರೇಡಿಯೊ ಎದ್ದಿತು.

ಉಳಿಸಿಕೊಂಡಿದ್ದ ಸೆಟ್ಟಿಂಗುಗಳನ್ನು ಹಾಕಿದೆ. ಆಂಟೆನಾ ಕೇಬಲ್ಲನ್ನು ಕಿಟಕಿಯಿಂದ ತೆಗೆದು, ಉಸಿರು ಬಿಗಿಹಿಡಿದು ಪೆಟ್ಟಿಗೆಗೆ ತಿರುಗಿಸಿದೆ. ಯಾವ ದೇವರನ್ನು ನೆನೆದೆನೋ ನೆನಪಿಲ್ಲ. ಹೊರಗೆ ಟಪ್ ಎಂದು ಹೆಂಚಿನ ಮೇಲೆ ಮೊದಲ ಹನಿ ಬಿತ್ತು. ಆಮೇಲೆ ಹತ್ತು ಹನಿ. ಪರದೆಯ ಮೇಲೆ ಕಂಬದ ಹೆಸರು ಬಂತು.

"ಮಾತಾಡಿ," ಎಂದೆ.

ರೈಟರ್ ಮೊಬೈಲನ್ನು ಬಾಯಿಗೆ ಹಿಡಿದರು. ಸ್ವರ ಒಮ್ಮೆಲೇ ಒಡೆದುಕೊಂಡು ಬಂತು. "ಇಳೀಬೇಡಿ! ತೋಡಿನ ದಾರೀಲಿ ಇಳೀಬೇಡಿ! ಆನೆ ಮೆಳೆ ಹತ್ರ ಉಂಟು. ಮೇಲಿನ ಗೇಟಿಂದ ಬನ್ನಿ. ಕೇಳ್ತಾ ಉಂಟಾ? ಮೇಲಿನ ಗೇಟು!" ಅದನ್ನೇ ಕೊಯ್ಲಿಗೆ ಬಂದಿದ್ದ ಅಸ್ಸಾಮಿನ ಹುಡುಗರಿಗಾಗಿ ಹರಕು ಹಿಂದಿಯಲ್ಲಿ ಹೇಳಿದರು. ಮತ್ತೆ ಕನ್ನಡದಲ್ಲಿ ಹೇಳಿದರು. ನಿಲ್ಲಿಸಲೇ ಇಲ್ಲ. ಮಳೆ ಹೆಂಚಿನ ಮೇಲೆ ಸುರಿಯತೊಡಗಿದ ಮೇಲೆ ಅವರ ಮಾತು ನನಗೇ ಕೇಳಿಸುತ್ತಿರಲಿಲ್ಲ.

ಆ ಕಂಬ ಕೂಗಬಲ್ಲದು, ಉತ್ತರ ತರಲಾರದು. ಮಾತು ಅಲ್ಲಿಗೆ ಮುಟ್ಟಿತೆಂದು ಪರದೆ ಹೇಳುತ್ತಿತ್ತು. ಯಾರಾದರೂ ಕೇಳಿಸಿಕೊಂಡರೇ, ಅಷ್ಟರಲ್ಲಿ ಇಳಿದುಬಿಟ್ಟಿದ್ದರೇ, ಹೇಳುವವರಿಲ್ಲ. ನಾನು ಬ್ಯಾಟರಿಗೆ ಸುತ್ತಿದ ತಂತಿಗಳನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು ಕೂತಿದ್ದೆ. ಟೇಪು ಸುತ್ತಬಹುದಿತ್ತು, ಕೈ ಬಿಡಲು ಧೈರ್ಯ ಬರಲಿಲ್ಲ. ತೋಡಿನ ಕಡೆಯಿಂದ ಒಂದು ಸಲ ಬಿದಿರು ಮುರಿದ ಸದ್ದು ಕೇಳಿತು. ರೈಟರ್ ಮಾತು ನಿಲ್ಲಿಸಿ ಆ ಕಡೆ ನೋಡಿದರು. ಆಮೇಲೆ ಇನ್ನೂ ಜೋರಾಗಿ ಕೂಗತೊಡಗಿದರು.

ಕೆಲಸದವರು ಬಂದದ್ದು ರಸ್ತೆಯ ಕಡೆಯಿಂದ. ಮೊದಲು ನನ್ನ ಬೈಕ್ ತಳ್ಳಿಕೊಂಡು ಕಾವಲುಗಾರ, ಅವನ ಹಿಂದೆ ಪ್ಲಾಸ್ಟಿಕ್ ಹೊದ್ದು, ಚೀಲ ಹೊತ್ತ ಹೆಂಗಸರು, ಏಣಿ ಹೆಗಲಿಗೇರಿಸಿಕೊಂಡ ಹುಡುಗರು. ರೈಟರ್ ಅಂಗಳಕ್ಕೆ ಇಳಿದು ಮಳೆಯಲ್ಲೇ ಒಂದೊಂದು ಮುಖ ನೋಡುತ್ತ ನಿಂತರು. ನಾನು ತಂತಿ ಬಿಟ್ಟು ಬಾಗಿಲಿಗೆ ಬಂದೆ. ಎಲ್ಲರಿಗಿಂತ ಕೊನೆಯಲ್ಲಿ, ಗೇಟಿಗೆ ಬೀಗ ಹಾಕಿ ಬರುತ್ತಿದ್ದವರು ಮೇಸ್ತ್ರಿ ಅಕ್ಕ.

ಅವರು ನೇರವಾಗಿ ಗಂಡನ ಹತ್ತಿರ ಬಂದು ನಿಂತರು.

"ಮಳೆ ಬಂತೂಂತ ಇಳೀಲಿಕ್ಕೆ ಶುರು ಮಾಡಿ ಆಗಿತ್ತು," ಎಂದರು. "ತೋಡಿಗೆ ಕಾಲು ಹಾಕಿದ್ದೆ. ಮುಂದೆ ಇದ್ದದ್ದು ನಾನೇ."

ರೈಟರ್ ಏನೋ ಹೇಳಲು ಬಾಯಿ ತೆರೆದರು. ಅಷ್ಟು ಹೊತ್ತು ಕೂಗಿ ಗಂಟಲು ಪೂರ್ತಿ ಕಟ್ಟಿಹೋಗಿತ್ತು, ಗಾಳಿ ಮಾತ್ರ ಬಂತು.

"ದಿನಾ ಕೂಗ್ತೀರಿ, ಆನೆ ಉಂಟು, ಆನೆ ಉಂಟೂಂತ. ಯಾರು ನಿಲ್ತಾರೆ? ನಾನೇ ನಿಲ್ಲುದಿಲ್ಲ," ಎಂದರು ಅಕ್ಕ. "ಇವತ್ತು ಎಂತ ಹೇಳ್ತಿದ್ದೀರೀಂತ ಕೇಳ್ಲೇ ಇಲ್ಲ ನಂಗೆ, ಮಳೆ. ನಿಮ್ಮ ಸ್ವರ ಒಂದು ಕೇಳಿತು. ಮದುವೆ ಆಗಿ ಇಷ್ಟು ವರ್ಷ ಆಯ್ತು, ನೀವು ಹೀಗೆ ಹೆದರಿದ್ದು ನಾನು ಕಂಡಿರ್ಲಿಲ್ಲ. ಅದಕ್ಕೇ ಕಾಲು ಹಿಂದೆ ತೆಗೆದೆ."

ರೈಟರ್ ಹೆಂಡತಿಯ ತಲೆಯ ಮೇಲಿನ ಒದ್ದೆ ಚೀಲವನ್ನು ಇಳಿಸಿಕೊಂಡರು. ಎಲ್ಲರೂ ನೋಡುತ್ತಿದ್ದರು. ಅದನ್ನು ಎದೆಗೆ ಅವುಚಿಕೊಂಡು, ಆಫೀಸಿನ ಮೆಟ್ಟಿಲ ಮೇಲೆ ಕೂತು, ಸ್ವರವಿಲ್ಲದೆ ಅಳತೊಡಗಿದರು.